ಸೂಜಿ–ದಾರ: ಕೂಸಿನ ಬಟ್ಟೆಗೆ ಒಳಮಗ್ಗುಲೇ ಮುಖ್ಯ



ಕೃಷ್ಣರಾಜಪೇಟೆ ಕಡೆಯ ಒಬ್ಬ ತಾಯಿ ಕಾಗದ ಬರೆದಿದ್ದಾರೆ. ಮಗಳಿಗೆ ಏಳು ತಿಂಗಳು ತುಂಬಿದೆ. ಚೊಚ್ಚಲ ಹೆರಿಗೆ, ತವರಿಗೆ ಕರೆತಂದಿದ್ದಾರೆ. “ಹಳೇ ಸೀರೆ ಹರಿದು ನಾಲ್ಕು ಕುಲಾವಿ, ನಾಲ್ಕು ಅಂಗಿ ಹೊಲಿದಿಡೋಣ ಅಂತ ಕೂತರೆ ನಮ್ಮತ್ತೆ ಕೈಯಿಂದ ಕತ್ತರಿ ಕಿತ್ತುಕೊಂಡರು. ಕೂಸು ಮಡಿಲಿಗೆ ಬರೋದಕ್ಕೆ ಮುಂಚೆ ಸೂಜಿ ಮುಟ್ಟಬಾರದಂತೆ. ಮಗಳೋ, ಮೈಸೂರಿಗೆ ಹೋಗಿ ಲೇಸು, ಮಣಿ ಇರೋ ಸೆಟ್ಟೇ ತರೋಣ, ಹಳೇ ಬಟ್ಟೆ ಯಾಕಮ್ಮ ಅಂತಾಳೆ. ನಡುವೆ ನಾನು. ಯಾರ ಮಾತು ಕೇಳಲಿ, ನೀವೇ ಹೇಳಿ” ಅಂತ ಕೇಳಿದ್ದಾರೆ.

ಇಂಥ ಕಾಗದ ಇದೇ ಮೊದಲಲ್ಲ. ಅದಕ್ಕೇ ಈ ಸಲ ಕುಶನ್ ಕವರಿನ ವಿಷಯ ಹಾಗೇ ಬಿಟ್ಟು, ಕೂಸಿನ ಬಟ್ಟೆ ಹಿಡಿದುಕೊಂಡು ಕೂತಿದ್ದೇನೆ.

ಮೊದಲು ಅತ್ತೆಯವರ ಮಾತು. ಹುಟ್ಟುವ ಮುಂಚೆ ಹೊಲಿಯಬಾರದು ಅನ್ನೋದನ್ನ ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕೋಕೆ ನನಗೆ ಮನಸ್ಸು ಬರೋದಿಲ್ಲ. ಎಂಟು ಹೆತ್ತು ನಾಲ್ಕು ಉಳಿಸಿಕೊಂಡವರ ಕಾಲದ ಮಾತು ಅದು. ಹೊಲಿದಿಟ್ಟ ಪುಟ್ಟ ಅಂಗಿ ಪೆಟ್ಟಿಗೆಯಲ್ಲೇ ಉಳಿದುಬಿಟ್ಟರೆ ಅದನ್ನ ನೋಡುವ ಸಂಕಟ ಯಾರಿಗೆ ಬೇಕು? ನಮ್ಮತ್ತೆಯೂ ಹಾಗೇ ಹೇಳುತ್ತಿದ್ದರು. ಆದರೆ ಅವರು ಬುದ್ಧಿವಂತೆ. ನನ್ನ ಚೊಚ್ಚಲ ಬಸಿರಿನಲ್ಲಿ ಒಂದು ದಾರಿ ಹುಡುಕಿದರು. ಏಳನೇ ತಿಂಗಳಲ್ಲೇ ಹಳೇ ಪಂಚೆ, ಸೀರೆ ಎಲ್ಲ ಒಗೆಸಿ, ಅಳತೆಗೆ ಕತ್ತರಿಸಿ, ಕುಲಾವಿ ಹೊಲಿಸಿ, ಲಾಡಿ ಮಾತ್ರ ಹಚ್ಚದೆ ಗಂಟು ಕಟ್ಟಿಸಿದರು. “ಲಾಡಿ ಇಲ್ದಿದ್ ಮೇಲೆ ಅದು ಕುಲಾವಿ ಎಂಗಾದದು ಕಣವ್ವ? ಬರೀ ಬಟ್ಟೆ ಚೂರು” ಅಂದರು. ಮಗು ಹುಟ್ಟಿದ ಮಧ್ಯಾಹ್ನ ಆಸ್ಪತ್ರೆಯ ಮಂಚದ ಪಕ್ಕ ಕೂತು ಐದು ನಿಮಿಷದಲ್ಲಿ ಲಾಡಿ ಹಚ್ಚಿದರು. ಶಾಸ್ತ್ರವೂ ಉಳಿಯಿತು, ಕೂಸಿನ ತಲೆಯೂ ಬೆಚ್ಚಗಾಯಿತು. ಕೃಷ್ಣರಾಜಪೇಟೆಯ ತಾಯಿಗೆ ನಾನು ಹೇಳೋದು ಇದನ್ನೇ. ನಿಮ್ಮತ್ತೆಯ ಎದುರೇ ಕೂತು ಬಟ್ಟೆ ಕತ್ತರಿಸಿ. ಲಾಡಿ ಹಚ್ಚುವ ಕೆಲಸ ಅವರಿಗೇ ಬಿಡಿ.

ಸಿದ್ಧ ಇರಲೇಬೇಕು ಅಂತ ನಾನು ಹಟ ಹಿಡಿಯೋದು ಯಾಕೆ ಅಂದರೆ, ಕೂಸುಗಳು ಪಂಚಾಂಗ ನೋಡಿಕೊಂಡು ಹುಟ್ಟೋದಿಲ್ಲ. ನಮ್ಮ ನಾದಿನಿಗೆ ಎಂಟನೇ ತಿಂಗಳಲ್ಲೇ ನೋವು ಬಂತು. ಧನುರ್ಮಾಸ, ರಾತ್ರಿ ಹನ್ನೊಂದು ಗಂಟೆ. ನಮ್ಮ ಬೆಳಗೊಳದ ಕಡೆ ಆಗ ಹೊಳೆ, ನಾಲೆ, ಕಬ್ಬಿನ ಗದ್ದೆ ಎಲ್ಲದರ ಮೇಲಿಂದ ಬರುವ ಥಂಡಿ ಎಂಥದು ಅಂತ ಇಲ್ಲಿರುವವರಿಗೆ ಗೊತ್ತು. ಮಗು 1 ಕಿಲೋ 900 ಗ್ರಾಂ. “ಟೋಪಿ ಕೊಡಿ, ಒಣಗಿದ ಹತ್ತಿ ಬಟ್ಟೆ ಕೊಡಿ” ಅಂತ ನರ್ಸಮ್ಮ ಕೇಳಿದರೆ ಕೊಡೋಕೆ ಒಂದು ಚೂರೂ ಇರಲಿಲ್ಲ. ಗಂಡಸರು ಓಡಿಹೋಗಿ ಯಾವುದೋ ಅಂಗಡಿ ಬಾಗಿಲು ತಟ್ಟಿ ಉಲ್ಲನ್ ಟೋಪಿ ತಂದರು, ಒಂದು ವರ್ಷದ ಮಗುವಿನದು! ಹಾಕಿದರೆ ಗಲ್ಲದವರೆಗೂ ಇಳಿಯಿತು. ಕೊನೆಗೆ ಆ ನರ್ಸಮ್ಮನೇ ನಮ್ಮವರ ಒಗೆದ ಬನಿಯನ್ನಿನ ತೋಳು ಕತ್ತರಿಸಿ, ಒಂದು ತುದಿಗೆ ಗಂಟು ಹಾಕಿ, ತಲೆಗೆ ಏರಿಸಿದರು. ಆ ಹುಡುಗ ಈಗ ಪಿ.ಯು.ಸಿ. ಓದುತ್ತಾನೆ, ನಾಲ್ಕು ಮುದ್ದೆ ಉಣ್ಣುತ್ತಾನೆ.

ಕುಲಾವಿ ಚಂದಕ್ಕೆ ಅಂದುಕೊಂಡಿರುವವರು ಗಮನಿಸಬೇಕು. ನಮ್ಮ ಮೈಗೆ ಹೋಲಿಸಿದರೆ ತಲೆ ಎಂಟನೇ ಒಂದು ಭಾಗ ಇದ್ದೀತು. ಹುಟ್ಟಿದ ಕೂಸಿಗೆ ಅದು ಕಾಲು ಭಾಗ. ಒದ್ದೆ ತಲೆ, ಕೂದಲೂ ಕಡಿಮೆ, ಚರ್ಮದಡಿ ಕೊಬ್ಬೂ ಇಲ್ಲ. ಮೈಯ ಕಾವು ಅಲ್ಲಿಂದಲೇ ಬೇಗ ಸೋರಿಹೋಗುತ್ತೆ. ಕೂಸಿನ ಮೈ ಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು ಅನ್ನುತ್ತಾರೆ. ಅದಕ್ಕಿಂತ ಇಳಿದರೆ ಮಗು ಹಾಲು ಎಳೆಯೋದು ನಿಧಾನ ಮಾಡುತ್ತೆ. ಹಾಲು ಕಡಿಮೆಯಾದರೆ ಇನ್ನಷ್ಟು ತಣ್ಣಗಾಗುತ್ತೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಇದು ಆಟದ ಮಾತಲ್ಲ.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ಡಾಕ್ಟರ್ ಎಡ್ಗರ್ ರೇ ಒಂದು ಉಪಾಯ ಶುರು ಮಾಡಿದರು. ಕಾವಿನ ಪೆಟ್ಟಿಗೆಗಳು ಸಾಲದೆ ಬಂದಾಗ, ತೂಕ ಕಡಿಮೆಯ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಕುವ ಹಾಗೆ ಕಟ್ಟಿ ಮಲಗಿಸೋದು. ಕಾಂಗರೂ ಆರೈಕೆ ಅಂತ ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೂ ಹೇಳಿಕೊಡುತ್ತಾರೆ. ಹುಟ್ಟಿದ ಕೂಡಲೇ ಹೀಗೆ ಶುರು ಮಾಡಿದರೆ ಸಾವು ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತೆ ಅಂತ ನಮ್ಮ ದೇಶವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಆ ಆರೈಕೆಯಲ್ಲಿ ಕೂಸಿನ ಮೈಮೇಲೆ ಇರೋದು ಏನೇನು ಗೊತ್ತೇ? ಒಂದು ಲಂಗೋಟಿ, ಒಂದು ಜೊತೆ ಕಾಲುಚೀಲ, ಒಂದು ಟೋಪಿ. ಅಷ್ಟೇ. ಮೂರೂ ಮನೆಯಲ್ಲೇ ಹೊಲಿಯಬಹುದಾದವು.

ನಮ್ಮ ಪಕ್ಕದ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾಕ್ಟರ್ ಅಭಯ್ ಬಂಗ್, ಡಾಕ್ಟರ್ ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಯಲ್ಲಿ ಹಸುಗೂಸಿನ ಆರೈಕೆ ಮಾಡಿಸಿದರು. ಕೂಸನ್ನು ಬೆಚ್ಚಗಿಡೋದು ಅದರಲ್ಲಿ ಒಂದು ಮುಖ್ಯ ಪಾಠ. ಅಲ್ಲಿ ಹಸುಗೂಸುಗಳ ಸಾವು ಅರ್ಧಕ್ಕಿಂತಲೂ ಕೆಳಗಿಳಿಯಿತು ಅಂತ 1999ರಲ್ಲಿ ವರದಿಯಾಯಿತು. ಇವತ್ತು ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ ಅಂತ ನಮ್ಮ ಮನೆಗೆ ಬಂದು ಕೂಸು ನೋಡುತ್ತಾಳಲ್ಲ, ಆ ಪದ್ಧತಿಯ ಬೇರು ಅಲ್ಲಿದೆ. ಅವಳು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ, ಒಳಗೆ ಕರೆದು ಕೂರಿಸಿ. ಸರ್ಕಾರ 2007ರಲ್ಲಿ ಮಡಿಲು ಕಿಟ್ ಶುರು ಮಾಡಿದಾಗಲೂ ಅದರಲ್ಲಿ ಮಗುವಿಗೆ ಸ್ವೆಟರು, ಟೋಪಿ, ಕಾಲುಚೀಲ ಇಟ್ಟಿದ್ದರು.

ಇನ್ನು ಮಗಳ ಸೆಟ್ಟಿನ ವಿಷಯ. ಅಂಗಡಿಯ ಸೆಟ್ಟು ಕೊಳ್ಳಲೇಬೇಡಿ ಅಂತ ನಾನು ಹೇಳೋದಿಲ್ಲ. ತೊಟ್ಟಿಲ ಶಾಸ್ತ್ರದ ದಿನ ನೆಂಟರೆಲ್ಲ ಬಂದಿರುತ್ತಾರೆ, ಫೋಟೋ ತೆಗೆಯುತ್ತಾರೆ, ಹುಡುಗಿಗೂ ಆಸೆ ಇರುತ್ತೆ. ಆದರೆ ಅಂಗಡಿಯಲ್ಲಿ ನಿಂತಾಗ ಒಂದು ಕೆಲಸ ಮಾಡಿ. ಅಂಗಿಯನ್ನು ತಿರುವಿ ಹಾಕಿ ಒಳಮಗ್ಗುಲು ನೋಡಿ. ನಾವು ನೋಡೋದು ಹೊರಮಗ್ಗುಲು, ಕೂಸಿಗೆ ತಾಕೋದು ಒಳಮಗ್ಗುಲು. ಮೇಲೆ ಮಲ್ಲಿಗೆಯಂಥ ಲೇಸು. ಒಳಗೆ ಅದರ ನೈಲಾನ್ ಅಂಚು, ಗರಗಸದ ಹಾಗೆ. ಮೇಲೆ ಚಮಕಿ, ಒಳಗೆ ಅದರ ದಾರದ ಗಂಟು. ಕತ್ತಿನ ಹಿಂದೆ ಕಂಪನಿಯ ಚೀಟಿ, ಮೂಲೆ ಚುಚ್ಚುತ್ತೆ. ಒಳಮಗ್ಗುಲಿನ ಮೇಲೆ ನಿಮ್ಮ ತುಟಿ ಒತ್ತಿ ಉಜ್ಜಿ ನೋಡಿ. ಕೆಲಸ ಮಾಡಿ ಮಾಡಿ ನಮ್ಮ ಬೆರಳು ದಡ್ಡುಗಟ್ಟಿವೆ, ತುಟಿ ಸುಳ್ಳು ಹೇಳೋದಿಲ್ಲ.

ಚುಚ್ಚೋದು ಒಂದಾದರೆ, ಬಿಡಿ ದಾರ ಇನ್ನೊಂದು. ಇದನ್ನ ಸ್ವಲ್ಪ ವಿವರವಾಗೇ ಹೇಳುತ್ತೇನೆ. ನಮ್ಮ ಬೀದಿಯಲ್ಲೇ ಎರಡು ತಿಂಗಳ ಹೆಣ್ಣುಕೂಸು ಒಂದು ರಾತ್ರಿಯೆಲ್ಲ ಅತ್ತಿತು. ಹೊಟ್ಟೆನೋವು ಅಂತ ಬಜೆ ತೇದರು, ದೃಷ್ಟಿ ಅಂತ ನೀವಾಳಿಸಿದರು. ಹಾಲು ಕೊಟ್ಟರೆ ಒಂದು ಗುಟುಕು, ಮತ್ತೆ ಅಳು. ಬೆಳಗಿನ ಜಾವ ಅಜ್ಜಿ ಕೈಚೀಲ ಬಿಚ್ಚಿ ನೋಡಿದರೆ ನಡುಬೆರಳ ತುದಿ ನೇರಳೆಹಣ್ಣಿನ ಹಾಗೆ ಊದಿತ್ತು. ಚೀಲದ ಒಳಗಿನ ಹೊಲಿಗೆಯಿಂದ ಬಿಚ್ಚಿಕೊಂಡ ಒಂದೇ ಒಂದು ಎಳೆ ಬೆರಳಿಗೆ ಸುತ್ತಿಕೊಂಡು, ಕೂಸು ಕೈ ಆಡಿಸಿದ ಹಾಗೆಲ್ಲ ಬಿಗಿಯುತ್ತಾ ಹೋಗಿದೆ. ಊದಿದ ಮಾಂಸದೊಳಗೆ ಎಳೆ ಮುಳುಗಿ ಕಣ್ಣಿಗೇ ಕಾಣುತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ಓಡಿದರು. ಡಾಕ್ಟರು ಕನ್ನಡಿ ಹಿಡಿದು ದಾರ ಕತ್ತರಿಸಿ ತೆಗೆದರು. ಬೆರಳು ಉಳಿಯಿತು. ಇನ್ನರ್ಧ ದಿನ ತಡವಾಗಿದ್ದರೆ ಹೇಳೋಕಾಗುತ್ತಿರಲಿಲ್ಲ ಅಂದರಂತೆ. ಇದು ಆ ಮನೆಯೊಂದರದೇ ಕಥೆಯಲ್ಲ. ದಾರ, ತಾಯಿಯ ಉದುರಿದ ಕೂದಲು ಕೂಸಿನ ಕೈಬೆರಳು, ಕಾಲ್ಬೆರಳಿಗೆ ಸುತ್ತಿಕೊಳ್ಳೋದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಬಾಣಂತಿಗೆ ಕೂದಲು ಉದುರೋದು ಜಾಸ್ತಿ ಅನ್ನೋದು ನಿಮಗೂ ಗೊತ್ತು. ಕೂಸು ಸುಮ್ಮನಾಗದೆ ಅತ್ತರೆ ಮೊದಲು ಬಟ್ಟೆಯೆಲ್ಲ ಬಿಚ್ಚಿ, ಹತ್ತು ಕೈಬೆರಳು, ಹತ್ತು ಕಾಲ್ಬೆರಳು ಎಣಿಸಿ ನೋಡಿ. ಗಂಡುಕೂಸಾದರೆ ಮೂತ್ರದ ಜಾಗವನ್ನೂ ನೋಡಿ.

ನಾನಂತೂ ಕೈಚೀಲ ಹೊಲಿಯೋದೇ ಬಿಟ್ಟಿದ್ದೇನೆ. ಕೂಸು ನಿದ್ದೆ ಮಾಡುವಾಗ ಉಗುರು ತೆಗೆದರೆ ಮುಖ ಪರಚಿಕೊಳ್ಳೋದು ನಿಲ್ಲುತ್ತೆ. ಬೇಕೇ ಬೇಕು ಅನ್ನುವವರು ತಿರುವಿಹಾಕಿ, ಅಂದರೆ ಹೊಲಿಗೆ ಹೊರಗೆ ಬರುವ ಹಾಗೆ, ತೊಡಿಸಿ. ನೋಡೋದಕ್ಕೆ ಉಲ್ಟಾ ಕಂಡರೆ ಕಾಣಲಿ.

ಬಟ್ಟೆ ಯಾವುದು? ಅತ್ತೆಯವರ ಪಕ್ಷವೇ ಇಲ್ಲಿ ಗೆಲ್ಲೋದು. ಮೊದಲು ಹಳೇ ಬಟ್ಟೆ, ತೊಟ್ಟಿಲಿಗೆ ಹಾಕುವ ದಿನ ಹೊಸದು ಅಂತ ಹಿರಿಯರು ಮಾಡಿರೋದು ಬಹಳ ಸರಿ. ಹೊಸ ಬಟ್ಟೆಯಲ್ಲಿ ಗಂಜಿ, ಬಣ್ಣ, ಗಿರಣಿಯ ಮದ್ದು ಇರುತ್ತೆ. ಐವತ್ತು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಇರೋದು ಹತ್ತಿಯೊಂದೇ. ಎಲ್ಲಕ್ಕಿಂತ ಒಳ್ಳೇದು ಹಳೇ ಪಂಚೆ. ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕೈಮಗ್ಗದ ಪಂಚೆ ಮನೆಯಲ್ಲಿ ಸವೆದದ್ದು ಇದ್ದರೆ ಅದನ್ನ ನೆಲ ಒರೆಸೋಕೆ ಹಾಕಬೇಡಿ, ದಯವಿಟ್ಟು. ಅಂಚು ಕತ್ತರಿಸಿ ತೆಗೆದರೆ ನಡುವಿನದು ಬೆಣ್ಣೆ. ಹೊಸದೇ ಬೇಕು ಅನ್ನುವವರಿಗೆ ಮಲ್ಲು ಬಟ್ಟೆ ಆಗುತ್ತೆ, ಖಾದಿಯೂ ಆಗುತ್ತೆ. ಮೇಲುಕೋಟೆಯಲ್ಲೇ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟಿನಲ್ಲಿ ಖಾದಿ ನೇಯುತ್ತಾರೆ. ಖಾದಿ ಮೊದಲಿಗೆ ಒರಟು, ಒಗೆದ ಹಾಗೆಲ್ಲ ಹತ್ತಿರವಾಗುತ್ತೆ. ಹೊಸ ಬಟ್ಟೆ ಯಾವುದೇ ಇರಲಿ, ಒಂದು ರಾತ್ರಿ ನೆನೆಸಿ, ಕುದಿಯುವ ನೀರಿಗೆ ಹಾಕಿ, ನೀರಿನಲ್ಲಿ ನೊರೆ ಬಾರದವರೆಗೂ ಜಾಲಿಸಿ, ಬಿಸಿಲಿಗೆ ಒಣಹಾಕಿ. ಕುಗ್ಗೋದೆಲ್ಲ ಕುಗ್ಗಿದ ಮೇಲೆ ಕತ್ತರಿ ಇಡಿ. ನೈಲಾನು, ಪಾಲಿಯೆಸ್ಟರು ಬೇಡ. ಬೆವರು ಹೀರೋದಿಲ್ಲ ಅನ್ನೋದು ಒಂದು. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವ ಮನೆಗಳಿವೆ, ಕಿಡಿ ತಾಕಿದರೆ ಕರಗಿ ಮೈಗೇ ಅಂಟುತ್ತೆ.

ಈಗ ಕುಲಾವಿ. ಮೆಷಿನ್ನು ಇಲ್ಲದಿದ್ದರೂ ಒಂದು ಮಧ್ಯಾಹ್ನದ ಕೆಲಸ.

ತುಂಬು ತಿಂಗಳ ಕೂಸಿನ ತಲೆಯ ಸುತ್ತಳತೆ ಸುಮಾರು 14 ಅಂಗುಲ. ಅದಕ್ಕೆ 13 ಅಂಗುಲ ಉದ್ದ, 6½ ಅಂಗುಲ ಅಗಲದ ಎರಡು ತುಂಡು ಬೇಕು. ಒಂದು ಮೇಲಿನ ಪದರಕ್ಕೆ, ಒಂದು ಒಳಪದರಕ್ಕೆ. ಮೇಲಿನದು ಹೂವಿನ ಕೇಂಬ್ರಿಕ್ ಆದರೂ ಆಗಬಹುದು, ಒಳಗಿನದು ಮಾತ್ರ ಪಂಚೆಯದೇ ಇರಲಿ. ಜೊತೆಗೆ 1¼ ಅಂಗುಲ ಅಗಲದ ಓರೆಪಟ್ಟಿ ಒಂದು ಗಜ. ತೂಕ ಕಡಿಮೆಯ ಕೂಸಿಗೆ 11½ ಅಂಗುಲ, 5½ ಅಂಗುಲ ಸಾಕು. ಆರು ತಿಂಗಳ ಮಗುವಿಗೆ 15, 7½.

ಒಂದು ತುಂಡನ್ನು ಉದ್ದಕ್ಕೆ ಸರಿಯಾಗಿ ಎರಡು ಮಡಿಕೆ ಮಾಡಿ. 6½ ಅಂಗುಲದ ಚೌಕ ಸಿಗುತ್ತೆ. ಮಡಿಕೆ ಮೇಲಕ್ಕೆ ಇರಲಿ, ಅದು ನೆತ್ತಿ. ಬಲಗಡೆ ಅಂಚು ಮುಖದ ಕಡೆ, ಎಡಗಡೆ ಅಂಚು ತಲೆಯ ಹಿಂಭಾಗ. ಹಿಂಭಾಗದ ಮೇಲಿನ ಮೂಲೆ ಚೂಪಾಗಿದೆಯಲ್ಲ, ಅಲ್ಲಿ ಕಾಫಿ ಲೋಟ ಬೋರಲಿಟ್ಟು ಸೀಮೆಸುಣ್ಣದಿಂದ ಗುಂಡಗೆ ಗೆರೆ ಎಳೆದು ಕತ್ತರಿಸಿ. ಇಲ್ಲದಿದ್ದರೆ ಕೂಸು ಕೋಡಂಗಿಯ ಹಾಗೆ ಕಾಣುತ್ತೆ. ಹಿಂಭಾಗದ ಅಂಚನ್ನು ಅರ್ಧ ಅಂಗುಲ ಒಳಗೆ ಬಿಟ್ಟು ಓಡುಹೊಲಿಗೆ ಹಾಕಿ, ಮೂರು ಹೊಲಿಗೆಗೊಂದು ಸಲ ಹಿಂದಕ್ಕೆ ಚುಚ್ಚಿ ಭದ್ರ ಮಾಡಿ. ಹೆಚ್ಚಿನ ಅಂಚನ್ನು ಕಾಲು ಅಂಗುಲಕ್ಕೆ ಸವರಿ, ಹೆಬ್ಬೆರಳ ಉಗುರಿನಿಂದ ಗೀರಿ ಎರಡು ಕಡೆಗೂ ಬಿಡಿಸಿ ಮಲಗಿಸಿ. ಎರಡನೇ ತುಂಡಿಗೂ ಹೀಗೇ.

ಇನ್ನು ಮುಖ್ಯವಾದದ್ದು. ಒಂದು ಕುಲಾವಿಯ ಒಳಗೆ ಇನ್ನೊಂದನ್ನು ಕೂರಿಸಬೇಕು. ಎರಡರ ಹೊಲಿಗೆಯ ಅಂಚುಗಳೂ ಒಂದನ್ನೊಂದು ನೋಡುವ ಹಾಗೆ. ಅಂದರೆ ಗಂಟು, ಎಳೆ, ಕತ್ತರಿಸಿದ ಅಂಚು ಎಲ್ಲ ಎರಡು ಪದರದ ನಡುವೆ ಸಿಕ್ಕಿಕೊಳ್ಳುತ್ತೆ. ಹೊರಗೂ ಕಾಣದು, ಒಳಗೂ ತಾಕದು. ಕೂರಿಸಿದ ಮೇಲೆ ನೆತ್ತಿಯ ಹತ್ತಿರ ಎರಡು ಕಚ್ಚಾ ಹೊಲಿಗೆ ಹಾಕಿ ಹಿಡಿಸಿಟ್ಟುಕೊಳ್ಳಿ, ಮುಗಿದ ಮೇಲೆ ಮರೆಯದೆ ತೆಗೆಯಿರಿ. ಮುಖದ ಅಂಚಿಗೆ ಓರೆಪಟ್ಟಿ ಮಡಚಿ ಹೊಲಿಯಿರಿ, ಪಟ್ಟಿಯ ಕೊನೆಯ ಹೊಲಿಗೆ ಹೊರಗಡೆ ಬೀಳಲಿ. ಕೆಳ ಅಂಚು 12 ಅಂಗುಲ ಇರುತ್ತೆ, ಕತ್ತಿಗೆ 8 ಸಾಕು. ಹಿಂದಿನ ಹೊಲಿಗೆಯ ಆ ಕಡೆ ಎರಡು, ಈ ಕಡೆ ಎರಡು, ಒಂದೊಂದು ಅಂಗುಲ ನುಂಗುವ ನಿರಿಗೆ ಹಿಡಿಯಿರಿ. ಮೇಲೆ ಓರೆಪಟ್ಟಿ. ಅದರ ಎರಡು ತುದಿಯೇ ಲಾಡಿ.

ಲಾಡಿ ಎಷ್ಟು ಉದ್ದ? ಒಂದು ಪುಟ್ಟ ಕುಪ್ಪಿಗಂಟು ಬೀಳುವಷ್ಟು, ಅಂದರೆ ಐದು ಅಂಗುಲ. ನಮ್ಮ ಕಡೆ ಒಂದು ಮೊಳ ಇಳಿಬಿಟ್ಟು ತುದಿಗೆ ಕುಚ್ಚು ಕಟ್ಟುತ್ತಾರೆ. ಚಂದವೇ, ಆದರೆ ಕತ್ತಿಗೆ ಸುತ್ತಿಕೊಳ್ಳುವ ಯಾವುದೂ ಕೂಸಿಗೆ ಬೇಡ. ತೊಟ್ಟಿಲ ಸರಪಳಿಗೆ ಸಿಕ್ಕಿದರೆ? ಅಮೆರಿಕದಲ್ಲಿ ಮಕ್ಕಳ ಟೋಪಿ, ಕತ್ತಿನ ದಾರಗಳು ಜಾರುಬಂಡೆ, ತೊಟ್ಟಿಲು ಇಂಥವಕ್ಕೆ ಸಿಕ್ಕಿ ಸಾವುಗಳಾದ ಮೇಲೆ 1996ರಲ್ಲಿ ಅಲ್ಲಿಯ ಸುರಕ್ಷತಾ ಆಯೋಗ ಆ ದಾರಗಳೇ ಬೇಡ ಅಂತ ತಯಾರಕರಿಗೆ ಸೂಚನೆ ಕೊಟ್ಟಿತು. ಗಂಟನ್ನು ಗಂಟಲ ಮೇಲೆ ಹಾಕದೆ ಕೆನ್ನೆಯ ಪಕ್ಕಕ್ಕೆ ಹಾಕಿ. ನಿಮ್ಮ ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಒಬ್ಬಂಟಿಯಾಗಿ ತೊಟ್ಟಿಲಲ್ಲಿ ಬಿಟ್ಟು ಹೋಗುವಾಗ ಲಾಡಿ ಕಟ್ಟಿದ ಕುಲಾವಿ ಬೇಡವೇ ಬೇಡ.

ಲಾಡಿಯ ತಂಟೆಯೇ ಬೇಡ ಅಂದರೆ ಆ ನರ್ಸಮ್ಮನ ಬನಿಯನ್ ಟೋಪಿಯೇ ಇದೆ. ಒಗೆದ ಹತ್ತಿ ಬನಿಯನ್ನಿನಲ್ಲಿ 12 ಅಂಗುಲ, 7 ಅಂಗುಲದ ತುಂಡು. ಜಗ್ಗುವ ಕಡೆ 12 ಬರಲಿ. ಎರಡು ಪಕ್ಕ ಸೇರಿಸಿ ಕೊಳವೆ ಮಾಡಿ, ಮೇಲಿನ ತುದಿ ಸುರುಕಿ ಭದ್ರವಾಗಿ ಹೊಲಿದು, ಕೆಳಗಿನ ತುದಿಯನ್ನು ಹೊರಕ್ಕೆ ಒಂದು ಅಂಗುಲ ಮಡಚಿದರೆ ಮುಗಿಯಿತು. ಇದನ್ನೂ ಹೊಲಿಗೆ ಹೊರಗಿರುವಂತೆಯೇ ಹಾಕಿ. ತೂಕ ಕಡಿಮೆಯ ಕೂಸಿಗೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಸಿದ್ಧಪಡಿಸಿಡುವ ಗಂಟಿನಲ್ಲಿ ಎರಡು ಇಂಥವೂ ಇರಲಿ.

ಕುಂಚಿಗೆ ಕೇಳಿದವರೂ ಇದ್ದಾರೆ. ಕುಲಾವಿಯ ಹಿಂದೆ ಬೆನ್ನ ಮೇಲೆ ಇಳಿಬೀಳುವ ಸೆರಗು ಜೋಡಿಸಿದರೆ ಅದೇ ಕುಂಚಿಗೆ. 24 ಅಂಗುಲ ಅಗಲ, 18 ಅಂಗುಲ ಉದ್ದದ ತುಂಡನ್ನು ಕುಲಾವಿಯ ಕೆಳ ಅಂಚಿಗೆ ನಿರಿಗೆ ಹಿಡಿದು ಕೂಡಿಸಿದರಾಯಿತು. ಎತ್ತಿಕೊಂಡು ಹೊರಗೆ ಹೋಗುವಾಗ ಗಾಳಿ ತಡೆಯೋಕೆ ಬಲು ಚೆನ್ನ. ಮಲಗಿಸುವಾಗ ತೆಗೆದಿಡಿ, ಸೆರಗು ಮುಖದ ಮೇಲೆ ಬಂದೀತು.

ಜಬಲಕ್ಕೆ ಹೆಚ್ಚು ಹೇಳೋದೇನಿಲ್ಲ, ಬಹಳ ಜನಕ್ಕೆ ಬರುತ್ತೆ. 22 ಅಂಗುಲ ಉದ್ದ, 16 ಅಂಗುಲ ಅಗಲದ ಬಟ್ಟೆ ಭುಜದಲ್ಲಿ ಮಡಚಿ, ಮೈ 9 ಅಂಗುಲ, ಎರಡು ಕಡೆ ತೋಳು ಮೂರೂವರೆ ಅಂಗುಲ ಬರುವ ಹಾಗೆ ಕತ್ತರಿಸಿ. ತೋಳಿನ ಆಳ 4 ಅಂಗುಲ. ಮುಂದೆ ನೆಟ್ಟಗೆ ಸೀಳಿ, ಎದೆಯ ಹತ್ತಿರ ಎರಡು ಜೊತೆ ಲಾಡಿ ಹಚ್ಚಿ. ಪಕ್ಕದ ಹೊಲಿಗೆಗಳೆಲ್ಲ ಹೊರಗೆ ಬರಲಿ, ಅಂಚು ಮಡಚಿ ಹೆಮ್ಮಿಂಗ್ ಮಾಡಿ. ತಲೆಯ ಮೇಲಿಂದ ತೂರಿಸಿ ಹಾಕುವ ಅಂಗಿ ಕತ್ತು ನಿಲ್ಲುವವರೆಗೂ ಬೇಡ. ಗುಂಡಿ, ಟಿಚ್ ಬಟನ್ನು, ಪಿನ್ನು ಯಾವುದೂ ಬೇಡ. ಆರು ತಿಂಗಳಾದರೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ.

ಲಂಗೋಟಿಗೆ ಎಂಟು ಮೊಳದ ಒಂದು ಪಂಚೆಯಲ್ಲಿ 24 ಅಂಗುಲದ ಹತ್ತು ಚೌಕ ಸಲೀಸಾಗಿ ಬರುತ್ತೆ. ಮಳೆಗಾಲದಲ್ಲಿ ಎರಡು ಡಜನ್ನಿಗಿಂತ ಕಡಿಮೆ ಇದ್ದರೆ ಒಣಗಿಸೋಕೆ ಒಲೆಯ ಮುಂದೆ ಕೂರಬೇಕು. ರಾತ್ರಿಗೆ, ಪ್ರಯಾಣಕ್ಕೆ ಅಂಗಡಿಯ ಡೈಪರು ಹಾಕಿದರೆ ನನ್ನದೇನೂ ತಕರಾರಿಲ್ಲ. ಬಾಣಂತಿಗೂ ನಿದ್ದೆ ಬೇಕು.

ಸುತ್ತಿ ಮಲಗಿಸೋದರ ಬಗ್ಗೆ ಒಂದು ಮಾತು. ಕಾಲು ನೆಟ್ಟಗಾಗಲಿ ಅಂತ ಎರಡು ಕಾಲೂ ಜೋಡಿಸಿ ಬಿಗಿಯಾಗಿ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಹೊಟ್ಟೆಯಲ್ಲಿದ್ದಾಗ ಕೂಸಿನ ಕಾಲು ಕಪ್ಪೆಯ ಹಾಗೆ ಮಡಚಿರುತ್ತೆ. ಅದನ್ನ ಜಗ್ಗಿ ನೆಟ್ಟಗೆ ಕಟ್ಟಿದರೆ ತೊಡೆಯ ಕೀಲು ಗೂಡಿನಿಂದ ಜಾರುವ ಭಯ ಇದೆ. ಜಪಾನಿನಲ್ಲಿ 1975ರ ಸುಮಾರಿಗೆ ಅಲ್ಲಿಯ ಡಾಕ್ಟರುಗಳು ಅಜ್ಜಿಯರಿಗೂ ತಾಯಂದಿರಿಗೂ ತಿಳಿಹೇಳಿ ಈ ಬಿಗಿ ಬಟ್ಟೆ ಬಿಡಿಸಿದರು. ನೂರಕ್ಕೆ ಒಂದರಿಂದ ಮೂರು ಕೂಸಿಗೆ ಕಾಣುತ್ತಿದ್ದ ಆ ತೊಂದರೆ ಸಾವಿರಕ್ಕೆ ಎರಡರಷ್ಟಕ್ಕೆ ಇಳಿಯಿತಂತೆ. ಸುತ್ತಿ, ಆದರೆ ಸೊಂಟದ ಕೆಳಗೆ ಚೀಲದ ಹಾಗೆ ಸಡಿಲ ಬಿಡಿ, ಕಾಲು ಮಡಚಿ ಆಡಿಸಲಿ. ನಾವು ಮಕ್ಕಳನ್ನು ಕಂಕುಳಲ್ಲಿ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುವ ರೀತಿ ಆ ಕೀಲಿಗೆ ಬಹಳ ಒಳ್ಳೇದು.

ಕೆಳಗೆ ಹಾಸೋಕೆ ಬೊಂತೆ. ಧಾರವಾಡದ ಕಡೆಯವರ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಬಣ್ಣಬಣ್ಣದ ತುಂಡು ಸೇರಿಸಿ ಹೊಲಿಯುವ ಕವಂದಿಯ ಮೂಲೆ ಮೂಲೆಗೂ ಫೂಲ ಅಂತ ಮಡಚಿದ ಪುಟ್ಟ ಬಟ್ಟೆ ಹೂವು ಇಡುತ್ತಾರೆ. ಆ ಅಂದವನ್ನ ಇನ್ನೊಂದು ಸಲ ಬರೆಯಬೇಕು. ತೊಟ್ಟಿಲಿಗೆ ಮೂರು ಪದರದ ತೆಳು ಬೊಂತೆ ಸಾಕು. ಹಾಸೋದಕ್ಕೆ ಮಾತ್ರ, ಮೂಗಿನವರೆಗೂ ಹೊದಿಸೋದಕ್ಕಲ್ಲ.

ಇಷ್ಟು ಓದಿ ಯಾರಾದರೂ ಮೇ ತಿಂಗಳಲ್ಲಿ ಕೂಸಿಗೆ ಎರಡು ಕುಲಾವಿ ಹಾಕಿ ಕೂರಿಸೀರಿ! ಬೆಚ್ಚಗಿಡೋದು ಅಂದರೆ ಬೇಯಿಸೋದಲ್ಲ. ಮೊದಲ ಕೆಲವು ದಿನ, ಸಣ್ಣ ಕೂಸಿಗೆ ತೂಕ ಬರುವವರೆಗೆ, ಥಂಡಿ ಕಾಲದಲ್ಲಿ ಟೋಪಿ ಬೇಕು. ಆಮೇಲೆ, ತೂಕ ಚೆನ್ನಾಗಿದ್ದು ಸೆಕೆಯಲ್ಲಿ ಮಲಗಿರುವ ಮಗುವಿಗೆ ಟೋಪಿ ಬೇಡ. ಕೈಕಾಲು ಮುಟ್ಟಿ ತಣ್ಣಗಿದೆ ಅಂತ ಹೆದರಬೇಡಿ, ಕತ್ತಿನ ಹಿಂದೆ, ಎದೆಯ ಮೇಲೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಹೊಟ್ಟೆಯೂ ತಣ್ಣಗಿದ್ದು, ಮಗು ಮಂಕಾಗಿ ಹಾಲು ಎಳೆಯದಿದ್ದರೆ ಎದೆಗೆ ಅವಚಿಕೊಂಡು ಆಸ್ಪತ್ರೆಗೆ ಹೊರಡಿ, ಬಟ್ಟೆ ಹುಡುಕುತ್ತಾ ಕೂರಬೇಡಿ.

ಕೃಷ್ಣರಾಜಪೇಟೆಯ ಮಗಳು ಸೆಟ್ಟು ತಂದೇ ತರುತ್ತಾಳೆ, ನನಗೆ ಗೊತ್ತು. ತರಲಿ. ಎರಡು ಸಲ ಒಗೆದು, ಚೀಟಿ ಕತ್ತರಿಸಿ, ಸಡಿಲವಾದ ಮಣಿ, ಚಮಕಿ ಕಿತ್ತುಹಾಕಿ, ಒಳಗೆ ಪಂಚೆಯ ಜಬಲ ತೊಡಿಸಿ ಮೇಲೆ ಅದನ್ನು ಹಾಕಲಿ. ಫೋಟೋ ಆದ ಮೇಲೆ ತೆಗೆಯಲಿ. ಉಡಿದಾರ ಕಟ್ಟುವ ಮನೆಯಾದರೆ ವಾರಕ್ಕೊಮ್ಮೆ ಎರಡು ಬೆರಳು ತೂರಿಸಿ ನೋಡಿ. ಕೂಸು ಬೆಳೆಯುತ್ತೆ, ದಾರ ಬೆಳೆಯೋದಿಲ್ಲ.

ಕೊನೆಯದಾಗಿ, ಅಟ್ಟದ ಟ್ರಂಕಿನಲ್ಲಿ ದೊಡ್ಡ ಮಗುವಿನ ಕುಲಾವಿ, ಸ್ವೆಟರು ಎತ್ತಿಟ್ಟಿರುವವರು ಗಮನಿಸಿ. ಅದರಲ್ಲಿ ನುಸಿಗುಳಿಗೆ ಹಾಕಿದ್ದರೆ ಹಾಗೇ ತೆಗೆದು ಹಸುಗೂಸಿಗೆ ಹಾಕಬೇಡಿ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಜಿ-6-ಪಿ-ಡಿ ಅನ್ನುವ ಒಂದು ಅಂಶದ ಕೊರತೆ ಇರುತ್ತೆ, ಹೊರಗೆ ಗೊತ್ತಾಗೋದಿಲ್ಲ. ಅಂಥ ಕೂಸಿಗೆ ಆ ಗುಳಿಗೆಯ ನ್ಯಾಫ್ತಲೀನ್ ವಾಸನೆ ತಾಕಿದರೂ ರಕ್ತ ಒಡೆದು ಕಾಮಾಲೆ ಏರಿಬಿಡುತ್ತೆ, ಮಿದುಳಿಗೇ ಅಪಾಯ. ಒಂದು ಸಲ ಒಗೆದರೆ ಆ ವಾಸನೆ ಪೂರ್ತಿ ಹೋಗೋದೂ ಇಲ್ಲ. ಕೂಸಿನ ಬಟ್ಟೆ, ಹಾಸಿಗೆ, ಬಾಣಂತಿ ಹೊದೆಯುವ ಶಾಲು, ಇವು ಯಾವುದರ ಹತ್ತಿರಕ್ಕೂ ಗುಳಿಗೆ ಸುಳಿಯಬಾರದು. ಒಣಗಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟರೆ ನುಸಿ ಬರೋದಿಲ್ಲ. ಆರು ತಿಂಗಳಿಗೊಮ್ಮೆ ಬಿಸಿಲಿಗೆ ಹರವಿ, ಎಲೆ ಬದಲಾಯಿಸಿ.